ಚಿಲಕ ತೆಗೆಯದ ಮಧ್ಯಾಹ್ನ

ಆ ಮನೆಯಲ್ಲಿ ಊಟಕ್ಕೆ ಮುಂಚೆ ಬೆರಳು ತೋರಿಸುವ ಪದ್ಧತಿಯೊಂದಿತ್ತು. ಸಂಜೆ ಏಳಕ್ಕೆ ಎಲ್ಲರೂ ಮೇಜಿನ ಸುತ್ತ ಕೂತು, ಅಪ್ಪ ಪ್ರಾರ್ಥನೆ ಮುಗಿಸಿ ಆಮೆನ್ ಅಂದರೂ ತಟ್ಟೆಗೆ ಕೈ ಹಾಕುವ ಹಾಗಿರಲಿಲ್ಲ. ಮೊದಲು ಮಕ್ಕಳಿಬ್ಬರೂ ಬಲಗೈಯ ಮೂರು ಬೆರಳು ಎತ್ತಬೇಕು. ಒಂದು ಬೆರಳು ‘ಕೂಡಲೇ’, ಇನ್ನೊಂದು ‘ಪೂರ್ತಿ’, ಮೂರನೆಯದು ‘ಸಂತೋಷದಿಂದ’. ಹೇಳಿದ ಕೆಲಸವನ್ನು ಹೇಳಿದ ಕೂಡಲೇ ಮಾಡದವರು ಮೊದಲ ಬೆರಳು ಮಡಚಬೇಕು, ಅರ್ಧಂಬರ್ಧ ಮಾಡಿದವರು ಎರಡನೆಯದು, ಮುಖ ಊದಿಸಿಕೊಂಡು ಮಾಡಿದವರು ಮೂರನೆಯದು. ಮಡಚಿದ್ದಕ್ಕೆ ಬೈಗುಳವಿಲ್ಲ, ಏಟಿಲ್ಲ. "ಸರಿ, ನಾಳೆ ದೇವರು ಶಕ್ತಿ ಕೊಡಲಿ" ಎಂದು ಅಪ್ಪ ಸೌಟು ಕೈಗೆ ತೆಗೆದುಕೊಳ್ಳುತ್ತಿದ್ದರು, ಅಷ್ಟೇ. ಮಡಚಬೇಕಾದ ಬೆರಳನ್ನು ಮಡಚದೆ ಕೂತರೆ ಮಾತ್ರ ಅದು ದೇವರ ಎದುರಿಗೇ ಹೇಳಿದ ಸುಳ್ಳು ಎಂದು ಅವರು ಮೊದಲೇ ಎಚ್ಚರಿಸಿದ್ದರು.

ಅಪ್ಪ ಗಡಿಯಾರ ರಿಪೇರಿ ಮಾಡುವವರು, ಚರ್ಚಿನಲ್ಲಿ ಹಿರಿಯರು. ಸೆಕೆಂಡಿನ ಮುಳ್ಳು ಒಂದು ಕೂದಲೆಳೆ ಹಿಂದೆ ಬಿದ್ದರೂ ಅವರ ಜೀವಕ್ಕೆ ಸಮಾಧಾನವಿರಲಿಲ್ಲ. ಅಂಥವರು ಮಕ್ಕಳೂ ಹಾಗೇ ಓಡಲಿ ಎಂದು ಆಸೆಪಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ ಹೇಳಿ. ಆರು ವರ್ಷದ ಮಗನ ವಿಷಯದಲ್ಲಂತೂ ಆ ಆಸೆ ಕೈಗೂಡಲಿಲ್ಲ. ಅವನು ಆಮೆನ್ ಮುಗಿಯುವ ಮೊದಲೇ ಮೂರೂ ಬೆರಳು ಮಡಚಿ, ಮುಷ್ಟಿ ಮೇಜಿನ ಮೇಲಿಟ್ಟು, ಪಾತ್ರೆಯ ಕಡೆ ಕಣ್ಣು ನೆಟ್ಟು ಕೂತಿರುತ್ತಿದ್ದ. ಅವನಿಗೆ ಊಟ ಬಂದರೆ ಸಾಕು, ನಾಳೆಯ ಶಕ್ತಿಯ ಚಿಂತೆ ನಾಳೆಗೆ.

ಮಗಳು ಹಾಗಲ್ಲ. ಹತ್ತು ವರ್ಷದ ಆ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಕಡ್ಡಿ ಅನ್ನುತ್ತಿದ್ದರು. ಮೈ ಕಡ್ಡಿಯಂತಿತ್ತು, ಮಾತೂ ಕಡ್ಡಿ ಮುರಿದಂತೆ. ತಿಂಗಳ ಮೇಲಾಗಿತ್ತು ಅವಳು ಬೆರಳು ಮಡಚಿ. ಪಾತ್ರೆ ತೊಳೆದಳೋ, ತಳ ಬೆಳಗುತ್ತಿತ್ತು. ಕಸ ಗುಡಿಸಿದಳೋ, ಮಂಚದ ಕೆಳಗೂ ಪೊರಕೆ ಆಡಿತ್ತು. ಭಾನುವಾರದ ತರಗತಿಯಲ್ಲಿ ಟೀಚರು "ಮಾತು ಕೇಳೋದು ಅಂದ್ರೆ ಇವಳ ಹತ್ರ ಕಲೀರಿ" ಎಂದು ಎಲ್ಲರೆದುರು ಹೇಳಿದ್ದರು. ಆ ಮಾತು ಕೇಳಿದಾಗಿನಿಂದ ಕಡ್ಡಿ ನಡೆಯುವಾಗಲೂ ಯಾರೋ ನೋಡುತ್ತಿದ್ದಾರೆ ಎಂಬಂತೆ ನಡೆಯುತ್ತಿದ್ದಳು. ಒಳ್ಳೆಯ ಹುಡುಗಿಯೇ, ಇಲ್ಲವೆನ್ನುವುದಿಲ್ಲ. ಆದರೆ ತಾನು ಒಳ್ಳೆಯವಳು ಎಂಬುದು ಅವಳಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಒಂದೇ ಒಂದು ಕೆಲಸ ಅವಳಿಗೆ ಒಳಗಿಂದಲೇ ಆಗಿಬರುತ್ತಿರಲಿಲ್ಲ, ಅದು ದೊಡ್ಡಮ್ಮನ ಕೆಲಸ. ದೊಡ್ಡಮ್ಮ ಅಮ್ಮನಿಗಿಂತ ಇಪ್ಪತ್ತು ವರ್ಷ ದೊಡ್ಡವಳು, ತಾಯಿ ತೀರಿಕೊಂಡ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಸಾಕಿದವಳು. ನಲವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆದಿದ್ದಳು. ಯಾರ್ಯಾರದೋ ರಕ್ತ, ಯಾರ್ಯಾರದೋ ವಾಂತಿ, ಎಲ್ಲವೂ ಅವಳ ಕೈಯಿಂದಲೇ ಹೋಗಿತ್ತು. ಈಗ ಮಂಡಿ ಬಿದ್ದುಹೋಗಿ, ನೆನಪು ಬಂದು ಹೋಗಿ ಮಾಡುತ್ತ, ಹಿಂದಿನ ಕೋಣೆಯಲ್ಲಿರುತ್ತಿದ್ದಳು. ಅಮ್ಮ ಮಧ್ಯಾಹ್ನ ಮೂರರಿಂದ ಆರರವರೆಗೆ ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ತಮ್ಮನೋ ಸ್ಕೂಲು ಬಿಟ್ಟು ನೇರ ಅಪ್ಪನ ಅಂಗಡಿಗೆ ಹೋಗುತ್ತಿದ್ದ. ಆ ಮೂರು ಗಂಟೆ ದೊಡ್ಡಮ್ಮ ಕಡ್ಡಿಯ ಪಾಲಿಗೆ. ಅವಳು "ಮಗೂ" ಎಂದು ಕರೆದಾಗ ಕೈಹಿಡಿದು ಬಚ್ಚಲಿಗೆ ಕರೆದೊಯ್ಯಬೇಕು, ಕೂರಿಸಬೇಕು, ಎಬ್ಬಿಸಬೇಕು, ಬಟ್ಟೆ ಸರಿಮಾಡಬೇಕು. ಎಂದಾದರೂ ತಡವಾಗಿ ಹಾಸಿಗೆ ಒದ್ದೆಯಾದರೆ ದುಪ್ಪಟಿ ತೆಗೆದು ಬಕೆಟ್ಟಿನಲ್ಲಿ ನೆನೆಹಾಕಬೇಕು. ಕಡ್ಡಿ ಉಸಿರು ಕಟ್ಟಿಕೊಂಡು ಎಲ್ಲ ಮಾಡುತ್ತಿದ್ದಳು. ಉಸಿರು ಬಿಗಿಹಿಡಿದ ಮುಖವನ್ನು ಸಂತೋಷದ ಮುಖ ಎಂದು ಲೆಕ್ಕ ಹಿಡಿಯಬಹುದೇ ಎಂದು ಅವಳು ಯಾರನ್ನೂ ಕೇಳಲಿಲ್ಲ.

ಒಂದು ದಿನ ದೊಡ್ಡಮ್ಮ ಬೆಳಿಗ್ಗೆ ಯಾರ ಕಣ್ಣಿಗೂ ಬೀಳದೆ ಮನೆಯಿಂದ ಹೊರಟು, ರಾತ್ರಿಯುಡುಪಿನಲ್ಲೇ ಬಸ್ ನಿಲ್ದಾಣಕ್ಕೆ ಹೋಗಿ, ಡ್ಯೂಟಿಗೆ ತಡವಾಯಿತೆಂದು ಕಂಡಕ್ಟರನ ಹತ್ತಿರ ಜಗಳವಾಡಿದ್ದಳು. ಅಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಅವತ್ತೇ ಬಡಗಿಯನ್ನು ಕರೆಸಿ ಹಿಂದಿನ ಕೋಣೆಯ ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ ಹಾಕಿಸಿದಳು.

ಮರುವಾರದ ಬುಧವಾರ ಅಮ್ಮ ಕೆಲಸಕ್ಕೆ ಹೊರಡುವಾಗ ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಹೊಸಿಲಲ್ಲಿ. "ಈಗಷ್ಟೇ ಬಚ್ಚಲಿಗೆ ಕರ್ಕೊಂಡು ಹೋಗಿ ಬಂದಿದೀನಿ. ಬೆಳಿಗ್ಗೆಯಿಂದ ಡ್ಯೂಟಿ ಡ್ಯೂಟಿ ಅಂತಿದಾಳೆ. ನಾನು ಬರೋ ತನಕ ಚಿಲಕ ತೆಗೀಬೇಡ, ತಿಳೀತಾ?" ಅಂದಳು.

"ತಿಳೀತಮ್ಮ" ಅಂದಳು ಕಡ್ಡಿ.

ಏನು ತಿಳಿಯಿತು ಎಂಬುದೂ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ದೊಡ್ಡಮ್ಮನನ್ನು ಬೀದಿಗೆ ಬಿಡಬೇಡ ಎಂದು ಅದರ ಅರ್ಥ. ಬಚ್ಚಲಿಗೂ ಬಿಡಬೇಡ ಎಂದು ಯಾವ ತಾಯಿ ಹೇಳುತ್ತಾಳೆ?

ಅವತ್ತು ಮನೆಗೆ ಭಾನುವಾರದ ತರಗತಿಯ ಗೆಳತಿ, ಬೇಕರಿಯವರ ಮಗಳು ಬಂದಿದ್ದಳು. ಭಾನುವಾರ ಚರ್ಚಿನಲ್ಲಿ ಮಕ್ಕಳ ಕಾರ್ಯಕ್ರಮ. ಇಬ್ಬರೂ ಸೇರಿ ಒಂದು ಸಂಭಾಷಣೆ ಹೇಳಬೇಕಿತ್ತು, ವಿಷಯ ವಿಧೇಯತೆ. ಬೇಕರಿಯವರ ಮಗಳು ಮಾತು ಕೇಳದ ಹುಡುಗಿ, ಕಡ್ಡಿ ಮಾತು ಕೇಳುವ ಹುಡುಗಿ. ಆ ಗೆಳತಿಯ ಬಟ್ಟೆ ಯಾವಾಗಲೂ ಇಸ್ತ್ರಿ ಕಂಡಿರುತ್ತಿತ್ತು, ಅವಳ ಮನೆಯಲ್ಲಿ ಎಲ್ಲಕ್ಕೂ ಸಕ್ಕರೆಯ ವಾಸನೆ. ಅವಳು ಕಡ್ಡಿಯ ಮನೆಗೆ ಬಂದದ್ದು ಅದೇ ಮೊದಲು. ಕಡ್ಡಿ ಮುಂಚೆಯೇ ಕಿಟಕಿಗಳನ್ನೆಲ್ಲ ತೆರೆದಿಟ್ಟು, ನೆಲಕ್ಕೆ ಎರಡು ಮುಚ್ಚಳ ಫಿನಾಯಿಲ್ ಹೆಚ್ಚಾಗಿ ಹಾಕಿ ಒರೆಸಿದ್ದಳು.

ಮೂರೂವರೆಗೆ ಹಿಂದಿನ ಕೋಣೆಯಿಂದ ದನಿ ಬಂತು. "ಮಗೂ, ಬಾರಮ್ಮ. ಬಚ್ಚಲಿಗೆ ಹೋಗ್ಬೇಕು."

ಕಡ್ಡಿ ಸಂಭಾಷಣೆಯ ತನ್ನ ಪಾಲಿನ ಮಾತನ್ನು ಸ್ವಲ್ಪ ಜೋರಾಗಿ ಹೇಳತೊಡಗಿದಳು.

"ಮಗೂ, ಕೇಳಿಸ್ತಾ? ಬೇಗ ಬಾ."

"ಯಾರೋ ಕರೀತಿದಾರೆ ಕಣೇ" ಅಂದಳು ಬೇಕರಿಯವರ ಮಗಳು.

ಕಡ್ಡಿಯ ಕಣ್ಣ ಮುಂದೆ ಎಲ್ಲ ಬಂದು ನಿಂತಿತು. ಚಿಲಕ ತೆಗೆಯಬೇಕು. ಆ ವಾಸನೆ ಹೊರಗೆ ಬರುತ್ತದೆ. ದೊಡ್ಡಮ್ಮ ಉಡುಪು ಎತ್ತಿ ಹಿಡಿದುಕೊಂಡು, ಅವಳ ಹೆಗಲಿಗೆ ಜೋತುಬಿದ್ದು, ಹಜಾರದ ನಡುವೆಯೇ ಹೋಗಬೇಕು, ಬಚ್ಚಲು ಇರುವುದೇ ಆ ಕಡೆ. ಗೆಳತಿ ಮೂಗು ಮುಚ್ಚಿಕೊಳ್ಳುತ್ತಾಳೆ. ಭಾನುವಾರದೊಳಗೆ ಇಡೀ ತರಗತಿಗೆ ಗೊತ್ತಾಗುತ್ತದೆ.

"ಅವ್ರು ಹಾಗೇ, ಸುಮ್ನೆ ಕರೀತಿರ್ತಾರೆ" ಅಂದಳು ಕಡ್ಡಿ. "ಅಮ್ಮ ಚಿಲಕ ತೆಗೀಬೇಡ ಅಂದಿದಾಳೆ. ಅಮ್ಮ ಬೇಡ ಅಂದ್ಮೇಲೆ ನಾನು ತೆಗಿಯಲ್ಲಪ್ಪ."

"ನೀನು ನಿಜ್ವಾಗ್ಲೂ ಅಷ್ಟು ಮಾತು ಕೇಳ್ತೀಯಾ?" ಗೆಳತಿಯ ಕಣ್ಣು ಅರಳಿತು. "ನಾನಾಗಿದ್ರೆ ಆಗ್ಲೇ ತೆಗೆದುಬಿಡ್ತಿದ್ದೆ."

ನಾಚಿಕೆಗೇಡಿನ ಸಂಗತಿಯೆಂದರೆ, ಆ ಮಾತು ಕೇಳಿ ಕಡ್ಡಿಗೆ ಹಿಗ್ಗಾಯಿತು. ಮೂರನೆಯ ಸಲ ದೊಡ್ಡಮ್ಮ ಕರೆದಾಗ ಬಾಗಿಲು ಬಡಿದ ಸದ್ದೂ ಬಂತು. ನಾಲ್ಕನೆಯ ಸಲ ದನಿ ಬಹಳ ಮೆತ್ತಗಿತ್ತು. ಆಮೇಲೆ ಕರೆಯಲಿಲ್ಲ.

ನಾಲ್ಕೂಮುಕ್ಕಾಲಿಗೆ ಗೆಳತಿ ಹೊರಟಳು. ಆಗಲಾದರೂ ತೆಗೆಯಬಹುದಿತ್ತು, ಆಗ ನೋಡುವವರು ಯಾರೂ ಇರಲಿಲ್ಲ. ಕಡ್ಡಿ ಬಾಗಿಲವರೆಗೆ ಹೋದಳು. ಸಂದಿಯಿಂದ ವಾಸನೆ ಬಂತು, ಒಳಗೆ ಏನನ್ನೋ ಉಜ್ಜುತ್ತಿರುವ ಸದ್ದು ಕೇಳಿಸಿತು. ಈಗ ತೆಗೆದರೆ ಒರೆಸುವುದೂ ತನ್ನ ತಲೆಗೇ ಬರುತ್ತದೆ, ಯಾಕೆ ಬರಲಿಲ್ಲ ಎಂದರೆ ಉತ್ತರವನ್ನೂ ಹೇಳಬೇಕು. ಅವಳು ತುದಿಗಾಲಲ್ಲಿ ನಡೆದು ಹಜಾರಕ್ಕೆ ವಾಪಸು ಬಂದು, ಪುಸ್ತಕ ತೆರೆದು ಕೂತಳು. ಅಮ್ಮ ಬರುವವರೆಗೆ ಒಂದೇ ಪುಟ ನೋಡುತ್ತಿದ್ದಳು.

ಅಮ್ಮ ಬಂದು ಚಿಲಕ ತೆಗೆದಾಗ ದೊಡ್ಡಮ್ಮ ನೆಲದ ಮೇಲೆ ಮಂಡಿಯೂರಿದ್ದಳು. ಮಂಡಿ ಬಗ್ಗದ ಆ ಹೆಂಗಸು ಹೇಗೆ ಇಳಿದಳೋ ದೇವರೇ ಬಲ್ಲ. ಚರ್ಚಿಗೆ ಹೊದೆಯುತ್ತಿದ್ದ ತನ್ನ ಒಳ್ಳೆಯ ಶಾಲಿನಿಂದ ನೆಲ ಒರೆಸುತ್ತಿದ್ದಳು. ಅಮ್ಮನನ್ನು ನೋಡಿ, "ಬಂದ್ಯಾ? ಸ್ವಲ್ಪ ನಿಲ್ಲು, ಕಾಲಿಡಬೇಡ, ಈಗ ಮುಗೀತು" ಅಂದಳು.

ಅಮ್ಮ ಅವಳನ್ನು ಎತ್ತಿ ಕೂರಿಸಿ, ತೊಳೆದು, ಬಟ್ಟೆ ಬದಲಿಸಿ ಮುಗಿಸುವಷ್ಟರಲ್ಲಿ ಅರ್ಧ ಗಂಟೆಯಾಯಿತು. ಆಮೇಲೆ ಹೊರಗೆ ಬಂದು, ತೋಳಿನಿಂದ ಹಣೆ ಒರೆಸಿಕೊಂಡು ಕೇಳಿದಳು. "ಕರೆದಳೇನೇ?"

ಪ್ರಶ್ನೆ ಇಷ್ಟೇ. ಹೂಂ ಅಂದಿದ್ದರೆ ಒಂದು ಏಟು ಬೀಳುತ್ತಿತ್ತೋ ಏನೋ, ಅಷ್ಟಕ್ಕೇ ಮುಗಿಯುತ್ತಿತ್ತು.

"ಇಲ್ಲಮ್ಮ" ಅಂದಳು ಕಡ್ಡಿ. "ನೀನೇ ತೆಗೀಬೇಡ ಅಂದಿದ್ಯಲ್ಲ, ಅದಕ್ಕೇ ತೆಗೀಲಿಲ್ಲ."

ಅಮ್ಮನ ಮುಖ ಕಂದಿಹೋಯಿತು. ಅಂದು ಊಟದ ಹೊತ್ತಿಗೆ ಕಡ್ಡಿ ಮೂರು ಬೆರಳು ಎತ್ತಿದಳು. ಅಪ್ಪ ತಲೆದೂಗಿದರು. ಆಗ, ಯಾವತ್ತೂ ಬೆರಳು ತೋರಿಸಬೇಕಿರದ ಅಮ್ಮ ತನ್ನ ಕೈ ಮೇಜಿನ ಮೇಲಿಟ್ಟು ಮೂರೂ ಬೆರಳು ಮಡಚಿದಳು. "ಇವತ್ತು ಮಡಚ್ಬೇಕಾದ್ದು ನಾನು" ಅಂದಳು. "ಮಗು ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದೆ. ತಪ್ಪು ಹೇಳಿದೋಳು ನಾನು." ಕಡ್ಡಿಯ ತಮ್ಮ, ಅಮ್ಮನ ಮುಷ್ಟಿಯನ್ನೂ ತನ್ನ ಮುಷ್ಟಿಯನ್ನೂ ನೋಡಿ ಜೊತೆ ಸಿಕ್ಕಿತೆಂದು ನಕ್ಕ. ಕಡ್ಡಿ ಎತ್ತಿದ ಬೆರಳುಗಳನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದಳು.

ಅಮ್ಮ ಹೇಳಿಕಳಿಸಿದ್ದರಿಂದ ಗುರುವಾರ ಚರ್ಚಿನ ನರ್ಸಮ್ಮ ಬಂದರು. ದಪ್ಪ ಕನ್ನಡಕದ, ನೇರ ಮಾತಿನ ಹೆಂಗಸು. ದೊಡ್ಡಮ್ಮನ ಬೆನ್ನು, ಕಾಲು ಎಲ್ಲ ನೋಡಿ, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು.

"ನೋಡಿ, ನಾನು ಕೇಳೋದು ಒಂದೇ. ಬಚ್ಚಲಿಗೆ ಹೋಗ್ಬೇಕು ಅಂತ ಇವರಿಗೆ ಗೊತ್ತಾಗುತ್ತಾ? ಕರೀತಾರಾ? ಕರೆಯೋ ತನಕ ಮನೇಲಿಟ್ಟು ನೋಡ್ಕೋಬಹುದು. ಅದೂ ಗೊತ್ತಾಗ್ದೇ ಹೋದ್ರೆ ನಿಮ್ಮ ಕೈಲಿ ಆಗಲ್ಲ. ನೀವಿಬ್ರೂ ದುಡಿಯೋರು, ಹತ್ತು ವರ್ಷದ ಮಗು ಮೇಲೆ ಇದನ್ನೆಲ್ಲ ಹಾಕೋದು ಪಾಪ. ನಮ್ಮ ಆರೈಕೆ ಮನೆಯಲ್ಲಿ ಒಂದು ಹಾಸಿಗೆ ಖಾಲಿಯಾಗಿದೆ. ಸೋಮವಾರ ಕರ್ಕೊಂಡು ಬನ್ನಿ."

ಕೈಲಾಗದ ಮುದುಕರಿಗೆಂದು ಚರ್ಚು ನಡೆಸುವ ಆ ಆರೈಕೆ ಮನೆಗೆ ಬಸ್ಸಿನಲ್ಲಿ ಎರಡು ಗಂಟೆ. ಅಲ್ಲಿಗೆ ಹೋದವರು ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ.

"ಮೊನ್ನೆ ತನಕ ಕರೀತಿದ್ದಳು" ಎಂದು ಅಮ್ಮ ಕಡ್ಡಿಯ ಕಡೆ ತಿರುಗಿದಳು. ಅವಳ ದನಿ ಬೇಡಿಕೊಳ್ಳುವ ಹಾಗಿತ್ತು. "ಸರಿಯಾಗಿ ನೆನಪು ಮಾಡ್ಕೊಂಡು ಹೇಳು ಮಗಳೇ. ಒಂದ್ಸಲಾನೂ ಕರೀಲಿಲ್ವಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಭಾನುವಾರ ಇನ್ನು ಮೂರೇ ದಿನ. "ಇಲ್ಲ" ಅಂದಳು.

ನರ್ಸಮ್ಮ ದೊಡ್ಡಮ್ಮನನ್ನೇ ಕೇಳಿದರು. "ನೀವು ಹೇಳಿ ಅಕ್ಕಾ, ನಿನ್ನೆ ನೀವು ಯಾರನ್ನಾದ್ರೂ ಕರೆದ್ರಾ?"

ದೊಡ್ಡಮ್ಮ ಸ್ವಲ್ಪ ಹೊತ್ತು ಕಡ್ಡಿಯನ್ನು ನೋಡಿದಳು. ಕಣ್ಣು ತಿಳಿಯಾಗಿಯೇ ಇತ್ತು. "ನೆನಪಿಲ್ಲಮ್ಮ" ಅಂದಳು. "ಈಗೀಗ ನಂಗೇನೂ ನೆನಪಿರಲ್ಲ."

ಭಾನುವಾರ ಕಡ್ಡಿ ಮಾತು ಕೇಳುವ ಹುಡುಗಿಯಾಗಿ ಒಂದಕ್ಷರ ತಪ್ಪದೆ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಬೇಕರಿಯವರ ಮಗಳು ಬುಧವಾರದ ಕಥೆಯನ್ನು ಆಗಲೇ ತನ್ನ ಮನೆಯಲ್ಲಿ ಹೇಳಿದ್ದಳಂತೆ. ಅವಳ ತಾಯಿ ಕಡ್ಡಿಯ ಗಲ್ಲ ಹಿಡಿದು, "ಅಮ್ಮ ಬಾಗಿಲು ತೆಗೀಬೇಡ ಅಂದ್ರೆ ಪ್ರಪಂಚ ಮುಳುಗಿದ್ರೂ ತೆಗಿಯಲ್ವಂತೆ, ಎಂಥ ಮಗು" ಅಂದರು. ಪಕ್ಕದಲ್ಲಿ ಅಮ್ಮ ನಿಂತಿದ್ದಳು, ದಣಿದ ಮುಖದಲ್ಲೇ ಮಗಳನ್ನು ನೋಡಿ ನಕ್ಕಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಕಡ್ಡಿಗೆ.

ಮಧ್ಯಾಹ್ನ ಅಮ್ಮ ಮರುದಿನದ ಪ್ರಯಾಣಕ್ಕೆಂದು ದೊಡ್ಡಮ್ಮನ ಪೆಟ್ಟಿಗೆ ಮುಚ್ಚಿ, ಹಗ್ಗ ಸುತ್ತಲು ಕಡ್ಡಿಯನ್ನು ಕಳಿಸಿದಳು. ದೊಡ್ಡಮ್ಮ ಮಂಚದ ಅಂಚಿನಲ್ಲಿ ಕೂತು ತನ್ನ ಕೈ ನೋಡಿಕೊಳ್ಳುತ್ತಿದ್ದಳು. ಕಡ್ಡಿ ಹಗ್ಗದ ಒಂದು ಸುತ್ತು ಹಾಕಿದವಳು ಅಲ್ಲೇ ಕುಕ್ಕರಿಸಿ ಅಳತೊಡಗಿದಳು.

"ನೀನು ಕರೆದಿದ್ದೆ ದೊಡ್ಡಮ್ಮ. ನಂಗೆ ಕೇಳಿಸಿತ್ತು."

"ಗೊತ್ತು" ಅಂದಳು ದೊಡ್ಡಮ್ಮ. "ಆ ಹುಡುಗಿ ದನಿ ನಂಗೂ ಕೇಳಿಸ್ತಿತ್ತು. ನಿಂಗೆ ಅವಮಾನ ಆಗುತ್ತೆ ಅಂತ ಹೊಳೆದಿದ್ದು ತಡವಾಗಿ. ಹೊಳೆದ ಮೇಲೆ ಕರೀಲಿಲ್ಲ."

ಕಡ್ಡಿ ಹಗ್ಗದ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು.

"ಇದನ್ನ ಅಮ್ಮಂಗೆ ಹೇಳ್ಬೇಡ" ಅಂದಳು ದೊಡ್ಡಮ್ಮ. "ಅವಳಿಗೆ ನಿನ್ನ ಮೇಲೆ ಬೆಟ್ಟದಷ್ಟು ನಂಬಿಕೆ. ನಾನು ಇವತ್ತಲ್ಲ ನಾಳೆ ಹೋಗೋಳೇ. ಸುಮ್ನೆ ನೀನ್ಯಾಕೆ ಬೈಸ್ಕೋತೀಯ? ನನ್ನ ಮಾತು ಕೇಳ್ತೀಯಲ್ಲ?"

"ಹೂಂ" ಅಂದಳು ಕಡ್ಡಿ.

ಕೇಳದೆ ಏನು? ಇಷ್ಟು ಸಲೀಸಾದ ಆಜ್ಞೆ ಅವಳ ಜನ್ಮದಲ್ಲಿ ಯಾರೂ ಕೊಟ್ಟಿರಲಿಲ್ಲ. ಕೂಡಲೇ ಪಾಲಿಸಬಹುದು, ಪೂರ್ತಿ ಪಾಲಿಸಬಹುದು, ಸಂತೋಷವಂತೂ ಕೇಳುವುದೇ ಬೇಡ. ಕಡ್ಡಿ ಕಣ್ಣೊರೆಸಿಕೊಂಡು ಹಜಾರಕ್ಕೆ ಬಂದಳು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಆ ಹಗುರ ಬಹಳ ಹೊತ್ತು ಉಳಿಯಲಿಲ್ಲ. ಬುಧವಾರ ಅಮ್ಮನ ಮಾತಿನ ಹಿಂದೆ ಅವಿತುಕೊಂಡಿದ್ದೆ, ಈಗ ದೊಡ್ಡಮ್ಮನ ಮಾತಿನ ಹಿಂದೆ ಅವಿತುಕೊಂಡಿದ್ದೇನೆ ಎಂದು ಅವಳಿಗೆ ಅಲ್ಲಿ ನಿಂತಲ್ಲೇ ತಿಳಿಯಿತು. ತನ್ನ ಮೇಲೇ ಅವಳಿಗೆ ಅಸಹ್ಯ ಹುಟ್ಟಿತು.

ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುತ್ತಿದ್ದಳು, ಅಪ್ಪ ಒರೆಸುತ್ತಿದ್ದರು. ಕಡ್ಡಿ ಬಾಗಿಲಲ್ಲಿ ನಿಂತು, ನೆಲ ನೋಡುತ್ತ, ಎಲ್ಲವನ್ನೂ ಹೇಳಿದಳು. ಹೇಳಬೇಡ ಎಂದು ದೊಡ್ಡಮ್ಮ ಅಂದದ್ದನ್ನೂ ಹೇಳಿದಳು.

ಅಮ್ಮ ನಲ್ಲಿ ನಿಲ್ಲಿಸಿದಳು. "ಎಷ್ಟು ಸಲ ಕರೆದಳು?"

"ನಾಲ್ಕು."

"ನಾಲ್ಕೂ ನಿಂಗೆ ಕೇಳಿಸ್ತಾ?"

"ಕೇಳಿಸ್ತು."

ಅಮ್ಮ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿರುತ್ತಿತ್ತು. ಒದ್ದೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತು, ಗೋಡೆಯ ಕಡೆ ನೋಡುತ್ತ ಅತ್ತಳು. "ಅವಳು ನನ್ನನ್ನ ಸಾಕಿದೋಳು ಕಣೇ" ಎಂದಷ್ಟೇ ಅಂದಳು. ಅಪ್ಪ ಕೈಯಲ್ಲಿದ್ದ ತಟ್ಟೆಯನ್ನು ಒರೆಸುತ್ತಲೇ ಇದ್ದರು, ಅದು ಯಾವಾಗಲೋ ಒಣಗಿತ್ತು. "ಏನು ಕಲಿಸ್ದೆ ನಾನು" ಎಂದು ತಮಗೆ ತಾವೇ ಹೇಳಿಕೊಂಡು, ತಟ್ಟೆ ಕೆಳಗಿಟ್ಟು, ನರ್ಸಮ್ಮನಿಗೆ ಫೋನು ಮಾಡಲು ಹೋದರು. "ಅವರಿಗೆ ಗೊತ್ತಾಗುತ್ತೆ. ಕರೀತಾರೆ. ನಾವು ನಾಳೆ ಬರ್ತಿಲ್ಲ" ಎಂದು ಅವರು ಹೇಳುವುದು ಹಜಾರದಿಂದ ಕೇಳಿಸಿತು.

ಅಮ್ಮ ಮುಖ ತೊಳೆದುಕೊಂಡಳು. "ಹೋಗು, ಪೆಟ್ಟಿಗೆ ಬಿಚ್ಚು" ಅಂದಳು. "ಒಬ್ಬಳೇ ಹೋಗು."

ಕಡ್ಡಿ ಹೋಗಿ ದೊಡ್ಡಮ್ಮನಿಗೆ ವಿಷಯ ಹೇಳಿದಳು. ದೊಡ್ಡಮ್ಮ ಸಂತೋಷಪಟ್ಟಂತೆ ಕಾಣಲಿಲ್ಲ. "ಹೇಳ್ಬೇಡ ಅಂದಿದ್ನಲ್ಲ" ಅಂದಳು, ಅಷ್ಟೇ. ಕಡ್ಡಿ ಹಗ್ಗ ಬಿಚ್ಚಿ, ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಬೀರುವಿನಲ್ಲಿಟ್ಟಳು. ಪೆಟ್ಟಿಗೆಯ ತಳದಲ್ಲಿ ಒಂದು ಗಂಟಿತ್ತು. ಬಿಚ್ಚಿದರೆ ಒಳಗೆ ದಪ್ಪನೆಯ ಬಟ್ಟೆಯ ಮಡಿಕೆಗಳು, ಒಟ್ಟು ಹನ್ನೊಂದು. ಹಳೆಯ ಟವಲು, ದಿಂಬಿನ ಚೀಲ, ದೊಡ್ಡಮ್ಮನ ಒಳಲಂಗ, ಎಲ್ಲವನ್ನೂ ಕತ್ತರಿಸಿ ಪದರ ಪದರವಾಗಿ ಇಟ್ಟು, ಕಪ್ಪು ದಾರದಲ್ಲಿ ಸೊಟ್ಟಸೊಟ್ಟಗೆ ಹೊಲಿದಿತ್ತು. ಎರಡೂ ತುದಿಗೆ ಕಟ್ಟಿಕೊಳ್ಳಲು ಲಾಡಿ.

"ಇದೇನು ದೊಡ್ಡಮ್ಮ?"

"ಗುರುವಾರದಿಂದ ಕೂತು ಹೊಲ್ಕೊಂಡೆ, ಅಲ್ಲಿಗೆ ಅಂತ. ಒಳಗೆ ಕಟ್ಕೊಂಡುಬಿಟ್ರೆ ಯಾರನ್ನೂ ಕರೆಯೋ ಹಾಗಿರಲ್ಲ."

"ಇನ್ನು ಇದು ಬೇಡ ದೊಡ್ಡಮ್ಮ. ನೀನು ಇಲ್ಲೇ ಇರ್ತೀಯ. ಯಾವಾಗ ಬೇಕಾದ್ರೂ ಕರಿ, ಯಾರೇ ಇದ್ರೂ ನಾನು ಬರ್ತೀನಿ. ಆಣೆಗೂ ಬರ್ತೀನಿ."

"ಹೂಂ ಮಗು, ಆಗ್ಲಿ" ಅಂದಳು ದೊಡ್ಡಮ್ಮ, ಸಣ್ಣ ಮಕ್ಕಳ ಮಾತಿಗೆ ಹೂಂಗುಟ್ಟುವ ಹಾಗೆ. "ಅವನ್ನ ಮೇಲಿನ ಖಾನೆಯಲ್ಲಿಡು, ಕೈಗೆ ಸಿಗೋ ಹಾಗೆ."

ಸೋಮವಾರ ಮಧ್ಯಾಹ್ನ ಅಮ್ಮ ಕೆಲಸಕ್ಕೆ ಹೋದ ಮೇಲೆ ಕಡ್ಡಿ ಹಿಂದಿನ ಕೋಣೆಯ ಹೊಸಿಲಲ್ಲೇ ಪುಸ್ತಕ ಹಿಡಿದು ಕೂತಳು. ಬಾಗಿಲು ಹಾರುಹೊಡೆದಿತ್ತು. ಮೂರೂವರೆಗೆ ಎದ್ದು ಕೇಳಿದಳು, "ಬಚ್ಚಲಿಗೆ ಹೋಗೋಣ್ವಾ ದೊಡ್ಡಮ್ಮ?"

"ಬೇಡ ಮಗು. ನೀನು ಓದ್ಕೋ."

ನಾಲ್ಕಕ್ಕೆ ಮತ್ತೆ ಕೇಳಿದಳು. ಬೇಡ ಅಂದಳು. ನಾಲ್ಕೂವರೆಗೆ ದೊಡ್ಡಮ್ಮ ಗೋಡೆಯ ಕಡೆ ಮಗ್ಗುಲು ತಿರುಗಿ, ಹೊದಿಕೆಯನ್ನು ಸೊಂಟದ ಸುತ್ತ ಬಿಗಿಯಾಗಿ ಒತ್ತಿಕೊಂಡು ಮಲಗಿದಳು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ವಾಸನೆ ಬಂತು. ಕಡ್ಡಿ ಹತ್ತಿರ ಹೋಗಿ ನಿಂತಳು. ದೊಡ್ಡಮ್ಮನಿಗೆ ನಿದ್ದೆ ಬಂದಿರಲಿಲ್ಲ, ಕಣ್ಣು ತೆರೆದೇ ಇತ್ತು. ಆದರೂ ಅವಳು ಕರೆಯಲಿಲ್ಲ.